ಕೆಂಚಿ ಯಾಕೆ ಮೇವು ಮುಟ್ಟುತ್ತಿಲ್ಲ?

ಪ್ರಶ್ನೆ: ಸರ್, ತಿಪಟೂರಿನ ನಮ್ಮ ಮನೆಯ ತಾರಸಿ ಮೇಲೆ ಆರು ನಾಟಿ ಕೋಳಿ ಸಾಕಿದ್ದೇನೆ. ಅದರಲ್ಲಿ ಕೆಂಚಿ ಅನ್ನೋ ಹೇಂಟೆ ಎರಡು ದಿನದಿಂದ ಮೇವು ಮುಟ್ಟಿಲ್ಲ, ಮಂಕಾಗಿ ಮೂಲೆ ಹಿಡಿದಿದೆ. ಎದೆ ಮುಂದೆ ಗಟ್ಟಿಯಾಗಿ ಉಂಡೆ ಕಟ್ಟಿದೆ. ಹಿಕ್ಕೆ ಒಂದಿಷ್ಟೇ, ಅದೂ ಹಸಿರು. ತಲೆಕೆಳಗಾಗಿ ಹಿಡಿದು ಹಿಂಡಿದರೆ ಎಲ್ಲ ಕಕ್ಕಿ ಸರಿಹೋಗುತ್ತೆ ಅಂತಾರೆ ನಮ್ಮತ್ತೆ. ಮೈಲುತುತ್ತದ ನೀರು ಕುಡಿಸಿ ಅಂತಾರೆ ಪಕ್ಕದ ಮನೆಯವರು. ಉಳಿದ ಕೋಳಿಗಳೂ ಆಗಾಗ ಕಾಫಿ ಬಣ್ಣದ ಅಂಟು ಹಿಕ್ಕೆ ಹಾಕುತ್ತವೆ. ಅವಕ್ಕೂ ಅಂಟಿತಾ? ಮೊಟ್ಟೆ ಮಕ್ಕಳಿಗೆ ಕೊಡಬಹುದಾ?

ಉತ್ತರ: ಹಿಂಡುವುದು ಖಂಡಿತ ಬೇಡಮ್ಮ. ಕೋಳಿಯ ಉಸಿರಿನ ಕೊಳವೆ ಬಾಯಿ ತೆರೆಯುವುದು ನಾಲಿಗೆಯ ಬುಡದಲ್ಲೇ. ಕಕ್ಕಿದ ನೀರು ಅದರೊಳಗೆ ಇಳಿದರೆ ಕೈಯಲ್ಲಿ ಹಿಡಿದ ಹಾಗೇ ಪ್ರಾಣ ಹೋಗುತ್ತದೆ. ಅತ್ತೆಯವರು ಒಂದೆರಡು ಕೋಳಿ ಉಳಿಸಿಕೊಂಡಿರಬಹುದು, ಸತ್ತ ಕೋಳಿಯ ಲೆಕ್ಕ ಯಾರೂ ಇಟ್ಟಿರುವುದಿಲ್ಲ. ಮೈಲುತುತ್ತವಂತೂ ಅಳತೆ ತಪ್ಪಿದರೆ ವಿಷ.

ನಿಮ್ಮ ಕೈಗೆ ಸಿಕ್ಕ ಉಂಡೆ ಗಂಟಲ ಚೀಲ. ನುಂಗಿದ್ದೆಲ್ಲ ಮೊದಲು ಎದೆಯ ಬಲಗಡೆಯ ಈ ಚೀಲದಲ್ಲಿ ನೆನೆಯುತ್ತದೆ, ಆಮೇಲೆ ಕೆಳಗಿಳಿದು ಗಟ್ಟಿ ಮಾಂಸದ ಇನ್ನೊಂದು ಹೊಟ್ಟೆಯಲ್ಲಿ ಕಲ್ಲುಹರಳಿನ ಜೊತೆ ಅರೆಯಲ್ಪಡುತ್ತದೆ. ಸಂಜೆ ಚೀಲ ತುಂಬಿರುವುದು ಸಹಜ. ಬೆಳಗಾಗುವಷ್ಟರಲ್ಲಿ ಖಾಲಿಯಾಗಿರಬೇಕು. ಹಾಗಾಗಿ ನಸುಕಿನಲ್ಲಿ, ಮೇವು ಹಾಕುವ ಮುಂಚೆ, ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ನಾದಿದ ಹಿಟ್ಟಿನಂತೆ ಬಿಗಿಯಾಗಿದ್ದರೆ ಮೇವು ಸಿಕ್ಕಿಕೊಂಡಿದೆ ಎಂದರ್ಥ. ಮೆತ್ತಗೆ, ಒಳಗೆ ನೀರು ಅಲುಗಾಡಿದಂತಿದ್ದು ಕೊಕ್ಕಿನಿಂದ ಹುಳಿ ವಾಸನೆ ಬಂದರೆ ಒಳಗಿದ್ದದ್ದು ಹುದುಗಿ ಬೂಷ್ಟು ಬೆಳೆದಿರುತ್ತದೆ. ಎಣ್ಣೆ, ನೀವುವುದು ಯಾವುದೂ ಇದಕ್ಕೆ ಆಗಿಬರುವುದಿಲ್ಲ, ಅವತ್ತೇ ಪಶು ಆಸ್ಪತ್ರೆಗೆ ಒಯ್ಯಿರಿ.

ಕೆಂಚಿಯದು ಮೊದಲನೆಯ ಬಗೆ ಇದ್ದಂತಿದೆ. ಅದನ್ನು ಬೇರೆ ಬುಟ್ಟಿಯಲ್ಲಿ ಪೇಪರ್ ಹಾಸಿ ಇಡಿ, ಎಷ್ಟು ಹಿಕ್ಕೆ ಹಾಕಿತೆಂದು ಗೊತ್ತಾಗುತ್ತದೆ. ಕಾಳು, ಅನ್ನ ಏನೂ ಬೇಡ, ಕುಡಿಯಲು ನೀರು ಮಾತ್ರ. ಸೂಜಿ ತೆಗೆದ ಸಿರಿಂಜಿನಲ್ಲಿ 2-3 ಮಿಲಿ ಉಗುರುಬೆಚ್ಚಗಿನ ನೀರು, ಅದರಲ್ಲಿ ನಾಲ್ಕು ಹನಿ ಕೊಬ್ಬರಿ ಎಣ್ಣೆ. ಕೊಕ್ಕಿನ ಪಕ್ಕದಿಂದ ಹನಿಹನಿಯಾಗಿ ಬಿಡಿ, ಅದು ನುಂಗಿದ ಮೇಲೆ ಮುಂದಿನ ಹನಿ. ಆಮೇಲೆ ಚೀಲವನ್ನು ಬೆರಳ ತುದಿಯಲ್ಲಿ ಐದು ನಿಮಿಷ ನೀವಿ, ಉಂಡೆ ಒಡೆಯುವಂತೆ. ದಿನಕ್ಕೆ ಮೂರ್ನಾಲ್ಕು ಸಲ ಸಾಕು. ಆಗಲೇ ಎರಡು ದಿನ ಉಪವಾಸ ಬಿದ್ದಿರುವುದರಿಂದ ಒಂದು ದಿನಕ್ಕಿಂತ ಹೆಚ್ಚು ಕಾಯಬೇಡಿ. ಮಾರನೆಯ ಬೆಳಗ್ಗೆ ಉಂಡೆ ಹಾಗೇ ಇದ್ದರೆ ಡಾಕ್ಟರ್ ಚೀಲ ಕೊಯ್ದು ಒಳಗಿನದನ್ನು ತೆಗೆದು ಹೊಲಿಗೆ ಹಾಕಬೇಕಾದೀತು. ಇಂಥ ಉಂಡೆಯಲ್ಲಿ ಸಿಗುವುದು ಗೋಣಿಚೀಲದ ನಾರು, ಉದ್ದನೆಯ ಒಣಹುಲ್ಲು, ದಾರ. ತಾರಸಿಯನ್ನೊಮ್ಮೆ ಈ ಕಣ್ಣಿನಿಂದ ನೋಡಿಬನ್ನಿ.

ಇನ್ನೊಂದು ಕಾರಣ ನೀವು ಬರೆಯದೇ ಬಿಟ್ಟದ್ದು. ಅಂಗಳದ ಕೋಳಿ ಕೆದಕಿ ಕೆದಕಿ ಕಲ್ಲುಹರಳು ನುಂಗಿಕೊಳ್ಳುತ್ತದೆ. ತಾರಸಿಯ ಸಿಮೆಂಟಿನಲ್ಲಿ ಅದೆಲ್ಲಿ ಸಿಕ್ಕೀತು? ಕೋಳಿಯನ್ನು ಮಹಡಿ ಹತ್ತಿಸಿದವರೇ ಅದಕ್ಕೆ ಹಲ್ಲು ಒದಗಿಸಬೇಕು. ಕಾಳಿನ ಗಾತ್ರದ ಗಟ್ಟಿ ಕಲ್ಲುಚೂರು ತೊಳೆದು ಒಂದು ಬಟ್ಟಲಲ್ಲಿ ಸದಾ ಇಡಿ. ಕಪ್ಪೆಚಿಪ್ಪಿನ ಪುಡಿ ಹಾಕುತ್ತಿದ್ದೇವಲ್ಲ ಎನ್ನಬೇಡಿ. ಅದು ಹೊಟ್ಟೆಯ ಹುಳಿಯಲ್ಲಿ ಕರಗಿಹೋಗುತ್ತದೆ, ಮೊಟ್ಟೆಯ ಸಿಪ್ಪೆಗೆ ಸುಣ್ಣ ಕೊಡುತ್ತದೆಯೇ ಹೊರತು ಅರೆಯುವ ಕೆಲಸಕ್ಕೆ ಬಾರದು.

ಹಸಿರು ಹಿಕ್ಕೆ ಹೊಟ್ಟೆ ಖಾಲಿ ಇರುವುದರ ಗುರುತು. ಮೇವಿಲ್ಲದೆ ಪಿತ್ತವೊಂದೇ ಇಳಿಯುತ್ತದೆ. ಆದರೆ ಇನ್ನೊಂದು ಕೋಳಿಯೂ ಮಂಕಾಗಿ, ಹಸಿರು ಮಿಶ್ರಿತ ಬಿಳಿ ಭೇದಿ ಮಾಡಿ, ಬಾಯಿ ತೆರೆದು ಉಸಿರೆಳೆದರೆ ಅಥವಾ ಕತ್ತು ತಿರುಚಿದರೆ ಈವರೆಗಿನ ಮಾತೆಲ್ಲ ಬಿಡಿ. ಅದು ಕೊಕ್ಕರೆ ರೋಗವಿರಬಹುದು. ಬಂದ ಮೇಲೆ ಮದ್ದಿಲ್ಲ, ಬಾರದಂತೆ ಲಸಿಕೆ ಉಂಟು. ತಡಮಾಡದೆ ಆಸ್ಪತ್ರೆಗೆ ತಿಳಿಸಿ. ಉಳಿದ ಐದಕ್ಕೆ ಲಸಿಕೆ ಆಗಿದೆಯೇ ಎಂಬುದನ್ನೂ ಈಗಲೇ ವಿಚಾರಿಸಿ.

ಕಾಫಿ ಬಣ್ಣದ ಅಂಟಿಗೆ ಹೆದರಬೇಡಿ. ಕರುಳಿನ ಕೊನೆಯಲ್ಲಿ ಎರಡು ಕುರುಡು ಚೀಲಗಳಿವೆ, ದಿನಕ್ಕೆ ಕೆಲವು ಸಲ ಅವು ಖಾಲಿಯಾಗುವಾಗ ಹಿಕ್ಕೆ ಹಾಗೆ ಅಂಟಂಟಾಗಿ ಬರುತ್ತದೆ. ಹಿಕ್ಕೆಯಲ್ಲಿ ರಕ್ತ ಕಂಡರೆ, ಅದರಲ್ಲೂ ಮರಿಗಳಲ್ಲಿ, ರಕ್ತಭೇದಿಯ ಶಂಕೆಯಿಂದ ತೋರಿಸಬೇಕು.

ಉಳಿದವು ಚುರುಕಾಗಿದ್ದರೆ ಅವುಗಳ ಮೊಟ್ಟೆ ಬೇಯಿಸಿ ಧಾರಾಳವಾಗಿ ಕೊಡಿ. ಕೆಂಚಿಗೆ ಔಷಧಿ ಶುರುವಾದರೆ ಅದರ ಮೊಟ್ಟೆ ಎಷ್ಟು ದಿನ ತಿನ್ನಬಾರದೆಂದು ಡಾಕ್ಟರ ಹತ್ತಿರವೇ ಚೀಟಿಯಲ್ಲಿ ಬರೆಸಿಕೊಳ್ಳಿ.