ಹಸಿರು ಎಲೆಯ ಗುರುತನ್ನು ನಂಬುವ ಮುನ್ನ



ಹೋದ ವರ್ಷ ನಮ್ಮ ಧರ್ಮಕೇಂದ್ರದ ಹಬ್ಬಕ್ಕೆ ಚಹಾ ಲೋಟ ತರುವ ಜವಾಬ್ದಾರಿ ಯುವಜನರ ಗುಂಪಿಗೆ ಬಂದಿತ್ತು. ಪ್ಲಾಸ್ಟಿಕ್ ಬೇಡವೆಂದು ಮೊದಲೇ ತೀರ್ಮಾನಿಸಿದ್ದೆವು. ಅಂಗಡಿಯಲ್ಲಿ ಹಸಿರು ಎಲೆಯ ಚಿತ್ರವಿದ್ದ, 'ಇಕೋ ಫ್ರೆಂಡ್ಲಿ' ಎಂದು ಬರೆದಿದ್ದ ಕಾಗದದ ಲೋಟಗಳ ಕಟ್ಟು ಸಿಕ್ಕಿತು. ಸ್ವಲ್ಪ ಹೆಚ್ಚು ಹಣ ಕೊಟ್ಟು ನಾನೇ ತಂದೆ. ಹಬ್ಬ ಮುಗಿದ ಮೇಲೆ ಲೋಟಗಳನ್ನೆಲ್ಲ ಗುಂಡಿಗೆ ಹಾಕಿ ಮಣ್ಣು ಮುಚ್ಚಿದೆವು. ಇದು ಗೊಬ್ಬರವಾಗುತ್ತದೆ ಎಂದು ಮಕ್ಕಳಿಗೆ ಹೇಳಿದವನೂ ನಾನೇ. ಮಳೆಗಾಲ ಕಳೆದು ಗಿಡ ನೆಡಲು ಅದೇ ಜಾಗ ಅಗೆದಾಗ ಕಾಗದ ಕರಗಿತ್ತು. ಆದರೆ ಲೋಟದ ಆಕಾರದ ತೆಳುವಾದ ಪೊರೆಗಳು ಹಾಗೆಯೇ ಉಳಿದಿದ್ದವು. ಒಬ್ಬ ಹುಡುಗಿ ಒಂದನ್ನು ಎತ್ತಿ ಹಿಡಿದು, "ಅಣ್ಣಾ, ಇದು ಗೊಬ್ಬರ ಆಗಲೇ ಇಲ್ವಲ್ಲ?" ಎಂದು ಕೇಳಿದಳು.

ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವನು ನಾನು. ಬರೀ ಕಾಗದ ಬಿಸಿ ಚಹಾವನ್ನು ಹಿಡಿದಿಡಲಾರದು ಎಂದು ನನಗೆ ತಿಳಿದಿರಬೇಕಿತ್ತು. ಸಾಮಾನ್ಯ ಕಾಗದದ ಲೋಟದ ಒಳಮೈಗೆ ಪಾಲಿಥಿನ್‌ನಂಥ ಪ್ಲಾಸ್ಟಿಕ್ಕಿನ ತೆಳು ಲೇಪನ ಇರುತ್ತದೆ. ಖರಗ್‌ಪುರ ಐಐಟಿಯ ಸಂಶೋಧಕರು 2020ರಲ್ಲಿ ಇಂಥ ಲೋಟಗಳನ್ನು ಪರೀಕ್ಷಿಸಿದರು. 100 ಮಿಲಿಲೀಟರ್ ಬಿಸಿ ದ್ರವ 15 ನಿಮಿಷ ಲೋಟದಲ್ಲಿದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರೊಳಗೆ ಸೇರುತ್ತವೆ ಎಂದು ಅವರು ಕಂಡುಕೊಂಡರು. ನಾವು ಹಣ ಕೊಟ್ಟದ್ದು ಎಲೆಯ ಚಿತ್ರಕ್ಕೆ. ಮನೆಗೆ ತಂದದ್ದು ಪ್ಲಾಸ್ಟಿಕ್ಕನ್ನೇ. ಆ ಹುಡುಗಿಯ ಪ್ರಶ್ನೆಗೆ ಉತ್ತರವಾಗಿ ಈ ಪಾಠ.

ಹೇಳುವುದು ಒಂದು, ಕೊಳ್ಳುವುದು ಇನ್ನೊಂದು

ಪರಿಸರ ಉಳಿಯಬೇಕೇ ಎಂದು ಕೇಳಿದರೆ ನಮ್ಮಲ್ಲಿ ಯಾರೂ ಬೇಡ ಎನ್ನುವುದಿಲ್ಲ. ಆದರೆ ಸಂತೆಗೆ ಹೋಗುವಾಗ ಕೈಚೀಲ ಒಯ್ಯುವವರು ಎಷ್ಟು ಮಂದಿ? ಕೊಳ್ಳುವವರ ಮನಸ್ಸನ್ನು ಅಧ್ಯಯನ ಮಾಡುವವರು ಈ ಅಂತರದ ಬಗ್ಗೆ ಬಹಳ ಬರೆದಿದ್ದಾರೆ. ಐಸೆಕ್ ಐಜನ್ ಎಂಬ ಮನಶ್ಶಾಸ್ತ್ರಜ್ಞರು 1991ರಲ್ಲಿ ವಿವರಿಸಿದ ಸಿದ್ಧಾಂತದ ಪ್ರಕಾರ, ಒಂದು ಕೆಲಸ ಮಾಡಬೇಕೆಂಬ ನಮ್ಮ ಉದ್ದೇಶ ಮೂರು ಸಂಗತಿಗಳಿಂದ ಹುಟ್ಟುತ್ತದೆ: ಅದು ಒಳ್ಳೆಯದೆಂಬ ಅಭಿಪ್ರಾಯ, ಸುತ್ತಲಿನವರು ಅದನ್ನು ನಮ್ಮಿಂದ ನಿರೀಕ್ಷಿಸುತ್ತಾರೆಂಬ ಭಾವನೆ, ಅದು ನನ್ನಿಂದ ಆಗುತ್ತದೆ ಎಂಬ ಭರವಸೆ. ನಾವು ಉಪದೇಶ ಮಾಡುವಾಗ ಮೊದಲನೆಯದನ್ನೇ ತುಂಬುತ್ತೇವೆ, ಉಳಿದೆರಡನ್ನು ಮರೆಯುತ್ತೇವೆ.

ಎರಡನೆಯದಕ್ಕೆ ಎಷ್ಟು ಬಲವಿದೆ ಎಂಬುದಕ್ಕೆ ಅಮೆರಿಕದ ಒಂದು ಪ್ರಯೋಗ ಸಾಕ್ಷಿ. ಹೋಟೆಲ್ ಕೋಣೆಗಳಲ್ಲಿ ಟವೆಲನ್ನು ದಿನವೂ ಒಗೆಯಲು ಹಾಕದೆ ಮತ್ತೆ ಬಳಸಿ ಎಂದು ಚೀಟಿ ಇಟ್ಟರು. 'ಪರಿಸರವನ್ನು ಉಳಿಸಲು ನೆರವಾಗಿ' ಎಂಬ ಚೀಟಿ ಇದ್ದಲ್ಲಿ ಸುಮಾರು 35 ಶೇಕಡಾ ಅತಿಥಿಗಳು ಒಪ್ಪಿದರು. 'ಇಲ್ಲಿ ಉಳಿದ ಹೆಚ್ಚಿನವರು ಹೀಗೆಯೇ ಮಾಡುತ್ತಾರೆ' ಎಂದು ಬರೆದಲ್ಲಿ ಸುಮಾರು 44 ಶೇಕಡಾ ಒಪ್ಪಿದರು. 2008ರಲ್ಲಿ ಪ್ರಕಟವಾದ ಈ ಫಲಿತಾಂಶ ನಮಗೂ ಅನ್ವಯಿಸುತ್ತದೆ. ಪಕ್ಕದ ಮನೆಯವರು ಸ್ಟೀಲ್ ಲೋಟ ತಂದರೆ ನಾವೂ ತರುತ್ತೇವೆ.

ಟವೆಲಿನ ಕಥೆಗೆ ಇನ್ನೊಂದು ಮುಖವೂ ಇದೆ. ಜೇ ವೆಸ್ಟರ್ವೆಲ್ಡ್ ಎಂಬ ಪರಿಸರವಾದಿ 1986ರಲ್ಲಿ ಇಂಥದೇ ಟವೆಲ್ ಚೀಟಿಗಳನ್ನು ಟೀಕಿಸಿದರು. ಒಗೆಯುವ ಖರ್ಚು ಉಳಿಸಿಕೊಳ್ಳುವ ಹೋಟೆಲು, ಬೇರೆ ಯಾವ ವಿಷಯದಲ್ಲೂ ಪರಿಸರದ ಚಿಂತೆ ಮಾಡದೆ, ಈ ಚೀಟಿಯಿಂದ ಒಳ್ಳೆಯ ಹೆಸರು ಪಡೆಯುತ್ತದೆ ಎಂಬುದು ಅವರ ದೂರು. ಆ ವಂಚನೆಗೆ ಅವರಿಟ್ಟ ಹೆಸರು 'ಗ್ರೀನ್‌ವಾಷಿಂಗ್'. ಕನ್ನಡದಲ್ಲಿ ಹೇಳುವುದಾದರೆ, ಗೋಡೆ ಬಿರುಕು ಬಿಟ್ಟಿದ್ದರೂ ಮೇಲೆ ಹಸಿರು ಸುಣ್ಣ ಬಳಿಯುವುದು.

ಲೇಬಲ್ ಓದುವ ಬಗೆ

ನಮ್ಮ ಕಷ್ಟ ಸ್ವಲ್ಪ ಹೆಚ್ಚಿನದು. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯ ನಮ್ಮ ಮನೆಗಳಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಪೊಟ್ಟಣದ ಮೇಲೆ ಇಂಗ್ಲಿಷ್. ಅಕ್ಷರ ಓದಲಾಗದ ಹಿರಿಯರು ಬಣ್ಣ ನೋಡಿ, ಚಿತ್ರ ನೋಡಿ, ಅಂಗಡಿಯವನ ಮಾತು ಕೇಳಿ ಕೊಳ್ಳುತ್ತಾರೆ. ಆದ್ದರಿಂದ ಓದಬಲ್ಲ ಯುವಜನರು ಕೆಲವು ವಿಷಯಗಳನ್ನು ಕಲಿತು ಮನೆಯವರಿಗೆ ಹೇಳಬೇಕು.

1. ಬಣ್ಣ ಮತ್ತು ಎಲೆಯ ಚಿತ್ರ ಪ್ರಮಾಣಪತ್ರವಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರಿನಲ್ಲಿ ಗ್ರೀನ್‌ವಾಷಿಂಗ್ ತಡೆಯಲು ಮಾರ್ಗಸೂಚಿ ಹೊರಡಿಸಿತು. 'ನೈಸರ್ಗಿಕ', 'ಪರಿಸರ ಸ್ನೇಹಿ' ಎಂದು ಸಾರುವವರು ಅದಕ್ಕೆ ಆಧಾರ ಕೊಡಬೇಕು ಎನ್ನುತ್ತದೆ ಆ ಮಾರ್ಗಸೂಚಿ. ಆದರೆ ಮೋಸದ ಉದ್ದೇಶಕ್ಕೆ ಬಳಸದ ಹೊರತು, ಬರೀ ಸಾಮಾನ್ಯ ಬಣ್ಣ ಅಥವಾ ಚಿತ್ರವನ್ನು ಅದು ತಪ್ಪೆಂದು ಎಣಿಸುವುದಿಲ್ಲ. ಹಾಗಾಗಿ ಚಿತ್ರ ಬಿಟ್ಟು ಮಾತನ್ನು ಓದಿ.

2. 'ಕರಗುವ ಚೀಲ' ಎಂದರೆ ಎಲ್ಲಿ ಕರಗುತ್ತದೆ ಎಂದು ಕೇಳಿ. ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ಕನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ಸುಮಾರು 58 ಡಿಗ್ರಿ ಉಷ್ಣತೆಯಲ್ಲಿ. ನಮ್ಮ ಹಿತ್ತಲಿನ ಗುಂಡಿಯಲ್ಲಿ ಅಷ್ಟು ಕಾವು ಸದಾ ಇರುವುದಿಲ್ಲ. ಇಂಥ ಚೀಲದ ಮೇಲೆ ತಯಾರಕರ ಹೆಸರು ಮತ್ತು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ಸಂಖ್ಯೆ ಇರಬೇಕು. ಇಲ್ಲದಿದ್ದರೆ ನಂಬಬೇಡಿ.

3. ಅಳೆದು ಹೇಳಿದ ಗುರುತನ್ನು ಹೆಚ್ಚು ನಂಬಬಹುದು. ಫ್ಯಾನ್, ಫ್ರಿಜ್ ಮೇಲಿನ ನಕ್ಷತ್ರಗಳು ವಿದ್ಯುತ್ ಬಳಕೆಯನ್ನು ಅಳೆದು ಕೊಟ್ಟವು. ಹಳೆಯ ಫ್ಯಾನಿಗೆ 75 ವಾಟ್ ಬೇಕಾದರೆ, ಹೊಸ ಬಿಎಲ್‌ಡಿಸಿ ಫ್ಯಾನಿಗೆ ಸುಮಾರು 30 ವಾಟ್ ಸಾಕು. ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ ಸುಮಾರು 16 ಯೂನಿಟ್ ಉಳಿಯುತ್ತದೆ. ಪಾಲಮೂರಿನ ಬೇಸಿಗೆ ಕಂಡವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

4. ಸುಳ್ಳು ಜಾಹೀರಾತು ಕಂಡರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು.

ಲೇಬಲ್ ಇಲ್ಲದ ಹಸಿರು

1991ರಲ್ಲಿ ಕೇಂದ್ರ ಸರ್ಕಾರ ಪರಿಸರಕ್ಕೆ ಹಿತವಾದ ವಸ್ತುಗಳಿಗೆ 'ಇಕೋಮಾರ್ಕ್' ಎಂಬ ಗುರುತನ್ನು ತಂದಿತು. ಅದರ ಚಿಹ್ನೆ ಏನು ಗೊತ್ತೇ? ಮಣ್ಣಿನ ಗಡಿಗೆ. ಕಂಪನಿಗಳು ಅದನ್ನು ಪಡೆಯಲು ಹೆಚ್ಚಾಗಿ ಮುಂದೆ ಬರಲಿಲ್ಲ. 2024ರಲ್ಲಿ ಸರ್ಕಾರ ಹೊಸ ನಿಯಮಗಳನ್ನು ಮಾಡಬೇಕಾಯಿತು. ಆದರೆ ಗಡಿಗೆ ಮಾಡುವವರು ಇಂದಿಗೂ ಯಾವ ಗುರುತೂ ಇಲ್ಲದೆ ಬಿಸಿಲಲ್ಲಿ ಕುಳಿತು ಮಾರುತ್ತಾರೆ. ನಾವು ಅವರ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿ ಮಾಡಿ, ಮುಂದಿನ ಅಂಗಡಿಯಲ್ಲಿ ಎಲೆಯ ಚಿತ್ರದ ಬಾಟಲಿಗೆ ಹೇಳಿದಷ್ಟು ಕೊಟ್ಟು ಬರುತ್ತೇವೆ.

ನಮ್ಮ ಸೀರೆಗಳ ಕಥೆಯೂ ಹೀಗೆಯೇ. ಚೌಕುಳಿ ಒಡಲಿನ ನಾರಾಯಣಪೇಟೆ ಸೀರೆ, ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಸೆರಗು ಜೋಡಿಸಿದ ಗದ್ವಾಲ್ ಸೀರೆ, ಎರಡಕ್ಕೂ ಭೌಗೋಳಿಕ ಗುರುತು ಸಿಕ್ಕಿದೆ. ಕೈಮಗ್ಗಕ್ಕೆ ವಿದ್ಯುತ್ ಬೇಡ. ಚೆನ್ನಾಗಿ ನೇಯ್ದ ಸೀರೆ ತಾಯಿಯಿಂದ ಮಗಳಿಗೆ ಹೋಗುತ್ತದೆ. ಆದರೆ ಅದೇ ವಿನ್ಯಾಸದ ಪವರ್‌ಲೂಮ್ ಬಟ್ಟೆ ಕಡಿಮೆ ಬೆಲೆಗೆ ಅದೇ ಹೆಸರಿನಲ್ಲಿ ಮಾರಾಟವಾದಾಗ ನಷ್ಟ ನೇಕಾರರ ಮನೆಗೆ. ಕೈಮಗ್ಗದ್ದೇ ಬೇಕಾದರೆ 2006ರಿಂದ ಜಾರಿಯಲ್ಲಿರುವ 'ಹ್ಯಾಂಡ್‌ಲೂಮ್ ಮಾರ್ಕ್' ಚೀಟಿಯನ್ನು ಕೇಳಿ ನೋಡಿ.

ಇಲ್ಲಿಯೂ ನಾವು ಹಸಿರು ಸುಣ್ಣ ಬಳಿಯಬಾರದು. ಭೌಗೋಳಿಕ ಗುರುತು ಸೀರೆ ಎಲ್ಲಿಯದು ಎಂದು ಹೇಳುತ್ತದೆಯೇ ಹೊರತು, ಬಣ್ಣ ಹಾಕಿದ ನೀರು ಎಲ್ಲಿಗೆ ಹರಿಯಿತು ಎಂದು ಹೇಳುವುದಿಲ್ಲ. ಹತ್ತಿ 'ನೈಸರ್ಗಿಕ' ನಿಜ. ಆದರೆ ಗದ್ವಾಲ್ ಸುತ್ತ ಹತ್ತಿ ಬೀಜದ ಹೊಲಗಳಲ್ಲಿ ದುಡಿದವರಿಗೆ ಔಷಧಿ ಸಿಂಪಡಣೆಯ ವಾಸನೆ ಗೊತ್ತು. ಬಟ್ಟೆ ಚೀಲದ ಬಗ್ಗೆ ಇಂಗ್ಲೆಂಡಿನ ಪರಿಸರ ಸಂಸ್ಥೆ 2011ರಲ್ಲಿ ಒಂದು ಲೆಕ್ಕ ಕೊಟ್ಟಿತು: ಹವಾಮಾನಕ್ಕಾಗುವ ಹಾನಿಯಲ್ಲಿ ಒಂದು ಹೊಸ ಹತ್ತಿ ಚೀಲ, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಚೀಲಕ್ಕೆ ಸಮವಾಗಬೇಕಾದರೆ ಅದನ್ನು 131 ಸಲ ಬಳಸಬೇಕು. ವಾರಕ್ಕೊಂದು ಸಂತೆ ಎಂದರೆ ಎರಡೂವರೆ ವರ್ಷ. ಆದ್ದರಿಂದ ಸಮ್ಮೇಳನಗಳಲ್ಲಿ ಹಂಚುವ ಹೊಸ ಬಟ್ಟೆ ಚೀಲಗಳನ್ನು ಬೀರುವಿನಲ್ಲಿ ಪೇರಿಸಿಡುವುದು ಪರಿಸರ ಸೇವೆಯಲ್ಲ. ಅಜ್ಜಿ ಹಳೆಯ ಸೀರೆಯಿಂದ ಹೊಲಿದ ಚೀಲವೇ ನಿಜವಾದ ಹಸಿರು.

ನಾವು ಮಾರುವಾಗ

ನಮ್ಮ ಮಹಿಳಾ ಸಂಘದವರು ಚೀಲ ಹೊಲಿಯುತ್ತಾರೆ. ಕೆಲವು ಮನೆಗಳಲ್ಲಿ ಮುತ್ತುಗದ ಎಲೆಯ ವಿಸ್ತರಿ ಕಟ್ಟುತ್ತಾರೆ. ಅವರಿಗೂ ಮಾರುಕಟ್ಟೆ ಬೇಕು. 'ಭೂಮಿಯನ್ನು ಉಳಿಸಿ' ಎಂದು ಬರೆದರೆ ಜನ ತಲೆದೂಗಿ ಮುಂದೆ ಹೋಗುತ್ತಾರೆ. 'ಹಳೆಯ ಹತ್ತಿ ಬಟ್ಟೆಯಿಂದ ಹೊಲಿದದ್ದು, ಐದು ಕಿಲೋ ತಾಳುತ್ತದೆ, ಹರಿದರೆ ತಂದುಕೊಡಿ, ಹೊಲಿದು ಕೊಡುತ್ತೇವೆ' ಎಂದು ಕನ್ನಡದಲ್ಲೂ ತೆಲುಗಿನಲ್ಲೂ ಬರೆದರೆ ಕೊಳ್ಳುತ್ತಾರೆ. ಯಾವುದರಿಂದ ಮಾಡಿದ್ದು, ಎಷ್ಟು ದಿನ ಬಾಳುತ್ತದೆ, ಬಳಸಿದ ಮೇಲೆ ಏನು ಮಾಡಬೇಕು, ಈ ಮೂರನ್ನು ಸುಳ್ಳಿಲ್ಲದೆ ಹೇಳಿದರೆ ಸಾಕು. ಎಲೆಯ ತಟ್ಟೆಯ ಕೆಳಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರೆ ಅದನ್ನೂ ಹೇಳಬೇಕು. ಹೇಳಲು ನಾಚಿಕೆಯಾದರೆ ಅಂಟಿಸಬಾರದು.

ಬೆಲೆಯ ಮಾತನ್ನೂ ಮರೆಯಬಾರದು. ದಿನಗೂಲಿಯ ಮನೆಗೆ 'ಹೆಚ್ಚು ಕೊಟ್ಟು ಹಸಿರು ಕೊಳ್ಳಿ' ಎಂದು ಬೋಧಿಸುವುದು ನ್ಯಾಯವಲ್ಲ. ಅವರು ಈಗಾಗಲೇ ಕಡಿಮೆ ಕೊಂಡು, ಹೆಚ್ಚು ದಿನ ಬಳಸುತ್ತಾರೆ. ಈ ವಿಷಯದಲ್ಲಿ ಅವರೇ ನಮಗೆ ಗುರುಗಳು. ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ಪತ್ರದಲ್ಲಿ ಭೂಮಿಯ ಅಳಲನ್ನೂ ಬಡವರ ಅಳಲನ್ನೂ ಒಟ್ಟಿಗೆ ಕೇಳಿಸಿಕೊಳ್ಳಲು ಹೇಳಿದ್ದು ಇದಕ್ಕಾಗಿಯೇ. ಕೊಳ್ಳುವುದು ಬರೀ ಹಣದ ವ್ಯವಹಾರವಲ್ಲ, ಅದರಲ್ಲಿ ಸರಿ ತಪ್ಪು ಇದೆ ಎಂಬುದನ್ನೂ ಅವರು ನೆನಪಿಸಿದರು.

ಈ ವರ್ಷದ ಹಬ್ಬಕ್ಕೆ

ಯುವಜನರ ಗುಂಪಿನ ಸಲಹೆ ಇಷ್ಟು. ಪ್ರತಿ ಮನೆಯವರು ತಮ್ಮ ಸ್ಟೀಲ್ ಲೋಟಗಳನ್ನು ತಾವೇ ತರಲಿ. ಹೊರಗಿನ ಅತಿಥಿಗಳಿಗೆ ಶಾಮಿಯಾನದವರಿಂದ ಬಾಡಿಗೆಗೆ ತರೋಣ. ತೊಳೆಯುವ ಸರದಿ ನಮ್ಮದು, ಹುಡುಗರದೂ ಸೇರಿ. ನೀರು ಕಡಿಮೆ ಇರುವ ಊರು ನಮ್ಮದು. ಎರಡು ತೊಟ್ಟಿಗಳಲ್ಲಿ ತೊಳೆದು, ಕೊನೆಯ ನೀರನ್ನು ಗಿಡಗಳಿಗೆ ಬಿಡೋಣ. ಹೋದ ವರ್ಷದ ಪೊರೆಗಳನ್ನು ಗುಂಡಿಯಿಂದ ಆರಿಸಿ ಒಂದು ಡಬ್ಬಿಯಲ್ಲಿ ಇಟ್ಟಿದ್ದೇವೆ. ನೋಡಬೇಕೆನ್ನುವವರು ಪೂಜೆಯ ನಂತರ ಕೇಳಿ.

ಗುಂಪಿನಲ್ಲಿ ಚರ್ಚಿಸಲು

1. ಕಳೆದ ವಾರ ನೀವು ಕೊಂಡ ವಸ್ತುಗಳಲ್ಲಿ ಹಸಿರು ಗುರುತಿದ್ದದ್ದು ಯಾವುದು? ಅದರ ಮೇಲೆ ಬರೆದ ಮಾತನ್ನು ಓದಿದಿರಾ?
2. ನಿಮ್ಮ ಅಜ್ಜ ಅಜ್ಜಿಯರು ಬಳಸುತ್ತಿದ್ದು ನೀವು ಬಿಟ್ಟುಬಿಟ್ಟ ಮೂರು ವಸ್ತುಗಳು ಯಾವುವು? ಏಕೆ ಬಿಟ್ಟಿರಿ: ಬೆಲೆಯೇ, ಶ್ರಮವೇ, ನಾಚಿಕೆಯೇ?
3. ನಿಮ್ಮ ಮನೆಯಲ್ಲಿ ಓದಲು ಬಾರದ ಹಿರಿಯರಿಗೆ ಪೊಟ್ಟಣದ ಮಾತನ್ನು ಓದಿ ಹೇಳುವವರು ಯಾರು?
4. ಸ್ಟೀಲ್ ಲೋಟದ ಸಲಹೆಯಲ್ಲಿ ನಿಮಗೆ ಕಾಣುವ ತೊಂದರೆ ಏನು? ಅದಕ್ಕೆ ನಿಮ್ಮ ಪರಿಹಾರವೇನು?

ನಿಮ್ಮ ಉತ್ತರಗಳನ್ನು ಮುಂದಿನ ಭಾನುವಾರದ ಸಭೆಗೆ ತನ್ನಿ. ಲೋಟವನ್ನೂ ತನ್ನಿ, ಚಹಾ ಇರುತ್ತದೆ.

ನಿಮ್ಮ ಯುವಜನ ಸಂಯೋಜಕ