ಕೋಡಿಗೆ ಬಲೆ ಕಟ್ಟಬೇಡ

ಮಗು, ಹುಣಸೂರಿನ ಕಡೆ ನೀನು ಕೊಂಡ ಜಮೀನಿನಲ್ಲಿ ಹಳ್ಳಕ್ಕೆ ಅಡ್ಡಲಾಗಿ ಹಳೇ ಮಣ್ಣಿನ ಕಟ್ಟೆಯೂ ಇದೆ ಎಂದು ಕೇಳಿ ಹಿಗ್ಗಾಯಿತು. ಸ್ವಂತ ನೀರಿರುವ ಜಮೀನು ಸಿಗುವುದು ಪುಣ್ಯ. ಆದರೆ ಮೀನು ಬಿಡುತ್ತೇನೆ, ಅವು ತಪ್ಪಿಸಿಕೊಳ್ಳದ ಹಾಗೆ ಕೋಡಿಗೆ ಬಲೆ ಕಟ್ಟಿಸುತ್ತೇನೆ, ಇನ್ನೆರಡು ಅಡಿ ನೀರು ನಿಲ್ಲಲಿ ಅಂತ ಮರಳಿನ ಮೂಟೆಯನ್ನೂ ಇಡಿಸುತ್ತೇನೆ ಅಂದೆಯಲ್ಲ, ಆ ಮಾತು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಬನ್ನಿಮಂಟಪದಿಂದ ಅಲ್ಲಿಗೆ ಬಂದು ಏರಿ ಹತ್ತಿ ನೋಡುವಷ್ಟು ಕಾಲುಗಳಲ್ಲಿ ಕಸುವಿಲ್ಲ. ಅದಕ್ಕೇ ಈ ಕಾಗದ.

ಮಣ್ಣಿನ ಏರಿ ತನಗೆ ಒರಗಿ ನಿಂತ ನೀರನ್ನು ವರ್ಷಗಟ್ಟಲೆ ತಡೆಯುತ್ತದೆ. ತಲೆಯ ಮೇಲೆ ಹರಿಯುವ ನೀರನ್ನು ಮಾತ್ರ ತಾಳದು. ಗೇಣುದ್ದ ನೀರು ಏರಿ ದಾಟಿದರೂ ಹಿಂಬದಿಯ ಮಣ್ಣು ಕೊರೆಯತೊಡಗುತ್ತದೆ. ಕೊರೆದಷ್ಟೂ ನೀರು ನುಗ್ಗುತ್ತದೆ, ನುಗ್ಗಿದಷ್ಟೂ ಕೊರೆಯುತ್ತದೆ. ಕೆಲವೇ ತಾಸುಗಳಲ್ಲಿ ಏರಿ ಇದ್ದ ಜಾಗದಲ್ಲಿ ಕಂದಕವಿರುತ್ತದೆ. ಕೋಡಿ ಇರುವುದು ಇದನ್ನು ತಪ್ಪಿಸುವುದಕ್ಕೆ. ಏರಿಯ ನೆತ್ತಿಗೂ ಕೋಡಿಯ ಮಟ್ಟಕ್ಕೂ ನಡುವೆ ಹಿರಿಯರು ಬಿಟ್ಟ ಆ ಮೂರು ನಾಲ್ಕು ಅಡಿ ನಿನಗೆ ಪೋಲಾದ ಜಾಗದಂತೆ ಕಾಣುತ್ತಿದೆ. ನಿನ್ನ ಕಟ್ಟೆಯ ಆಯುಷ್ಯ ಇರುವುದೇ ಅಲ್ಲಿ. ಎರಡು ಅಡಿ ಮೂಟೆ ಇಟ್ಟರೆ ಅದರಲ್ಲಿ ಅರ್ಧವನ್ನೋ ಅದಕ್ಕಿಂತ ಹೆಚ್ಚನ್ನೋ ನೀನೇ ಕಿತ್ತುಕೊಂಡ ಹಾಗೆ.

ಬಲೆಯ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸೌತ್ ಫೋರ್ಕ್ ಎಂಬ ಮಣ್ಣಿನ ಅಣೆಕಟ್ಟೆಯೊಂದು ಶ್ರೀಮಂತರ ಖಾಸಗಿ ಕ್ಲಬ್ಬಿನ ಸ್ವತ್ತಾಗಿತ್ತು. ಅವರೂ ಮೀನು ಬಿಟ್ಟಿದ್ದರು. ಮೀನು ಹೊರಗೆ ಹೋಗಬಾರದೆಂದು ಕೋಡಿಗೆ ಜಾಲರಿ ಹಾಕಿಸಿದರು. ಏರಿಯ ಮೇಲೆ ಸಾರೋಟು ಓಡಾಡಲೆಂದು ನೆತ್ತಿಯನ್ನು ತಗ್ಗಿಸಿ ಅಗಲ ಮಾಡಿದರು. ತಳದ ತೂಬಿನ ಕೊಳವೆಗಳನ್ನು ಹಿಂದಿನ ಮಾಲೀಕ ಕಿತ್ತು ಮಾರಿಕೊಂಡಿದ್ದ. ಅವನ್ನು ಮತ್ತೆ ಕೂರಿಸುವ ಗೋಜಿಗೆ ಇವರು ಹೋಗಲಿಲ್ಲ. ಒಂದೊಂದೂ ಸಣ್ಣ ಅನುಕೂಲದ ಮಾತೇ. 1889ರ ಮೇ 31ರಂದು ಜಡಿಮಳೆ ಹೊಡೆದಾಗ ಜಾಲರಿಗೆ ಕಸಕಡ್ಡಿ ಮೆತ್ತಿಕೊಂಡಿತು, ಇಳಿಸಲು ತೂಬಿಲ್ಲ, ನೀರು ಏರಿ ಹತ್ತಿತು. ಸುಮಾರು 22 ಕಿಲೋಮೀಟರ್ ಕೆಳಗಿದ್ದ ಜಾನ್ಸ್‌ಟೌನ್ ಊರು ಕೊಚ್ಚಿಹೋಗಿ 2,209 ಜನ ಸತ್ತರು. ನಿನ್ನದು ಅದರ ಮುಂದೆ ತೀರಾ ಚಿಕ್ಕ ಕಟ್ಟೆ, ಒಪ್ಪುತ್ತೇನೆ. ಆದರೆ ಹಳ್ಳದ ಕೆಳಗೆ ಇರುವ ಗುಡಿಸಲಿಗೆ ಚಿಕ್ಕದು ದೊಡ್ಡದು ಎಂಬ ಲೆಕ್ಕ ಇರುವುದಿಲ್ಲ. ಮೀನಿಗಾಗಿ ಬೇರೆ ಹೊಂಡ ತೋಡಿಸು. ಕೋಡಿಯಲ್ಲಿ ಮೀನು ಹೋದರೆ ಹೋಗಲಿ ಬಿಡು.

‘ಇಷ್ಟು ಸಣ್ಣದಕ್ಕೆ ಸರ್ಕಾರದ ಕಾನೂನೇ ಇಲ್ಲ ದೊಡ್ಡಪ್ಪ’ ಅಂದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದವಕ್ಕೆ, ಮತ್ತೆ ಕೆಲವು ಷರತ್ತಿಗೆ ಒಳಪಟ್ಟು 10ರಿಂದ 15 ಮೀಟರಿನವಕ್ಕೆ ಅನ್ವಯಿಸುವುದು ನಿಜ. ನಿನ್ನ ಹದಿನೈದು ಅಡಿಯ ಏರಿಯನ್ನು ಆ ಕಾಯ್ದೆಯ ಪ್ರಕಾರ ತಪಾಸಣೆಗೆ ಯಾರೂ ಬರುವುದಿಲ್ಲ. ಹಾಗೆಂದು ಹೊಣೆ ತಪ್ಪೀತೇ? ನಮ್ಮ ಪಕ್ಕದ ಚಿತ್ತೂರು ಸೀಮೆಯ ಕಾರ್ವೇಟಿನಗರದ ಜಮೀನ್ದಾರನ ಕೆರೆಗಳು ಒಡೆದು ಮದ್ರಾಸ್ ರೈಲ್ವೆಗೆ ನಷ್ಟವಾಗಿ, ಮೊಕದ್ದಮೆ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಗಿತ್ತು. 1874ರಲ್ಲಿ ತೀರ್ಪು ಜಮೀನ್ದಾರನ ಪರವಾಯಿತು. ಕೆರೆ ಉಳಿಸಿಕೊಳ್ಳುವುದು ಈ ದೇಶದಲ್ಲಿ ಜನರಿಗಾಗಿ ಮಾಡಲೇಬೇಕಾದ ಕರ್ತವ್ಯ, ಆತ ಅದರಲ್ಲಿ ಉಪೇಕ್ಷೆ ಮಾಡಿರಲಿಲ್ಲ, ಎಂಬುದು ಕಾರಣ. ಆತ ಬಚಾವಾದದ್ದು ಉಪೇಕ್ಷೆ ಇಲ್ಲದ್ದರಿಂದ. ಕೋಡಿಗೆ ಬಲೆ ಕಟ್ಟಿದವನಿಗೆ ಆ ಮಾತು ಹೇಳಲು ಬಾಯಿ ಎಲ್ಲಿರುತ್ತದೆ?

ಇನ್ನು ಏರಿಯ ಹಿಂಬದಿ. ಮೊದಲು ಅಲ್ಲಿ ಬೆಳೆದಿರುವ ಲಂಟಾನವನ್ನೆಲ್ಲ ಸವರಿಸು, ಹುಲ್ಲು ಮಾತ್ರ ಇರಲಿ. ಪೊದೆ ಇದ್ದರೆ ಏನೂ ಕಾಣುವುದಿಲ್ಲ; ಇಲಿ, ಹೆಗ್ಗಣಗಳ ಬಿಲ, ಗೆದ್ದಲಿನ ಹುತ್ತ, ಎಲ್ಲ ಅದರ ಮರೆಯಲ್ಲೇ. ಹುತ್ತದ ಒಳಗಿನ ಟೊಳ್ಳು ಏರಿಯೊಳಗೆ ಎಷ್ಟು ದೂರ ಹೋಗಿದೆಯೋ ಮೇಲಿಂದ ತಿಳಿಯದು. ದೊಡ್ಡ ಮರವಿದ್ದರೆ ಕಡಿದು ಬೇರನ್ನು ಒಳಗೇ ಬಿಡಬೇಡ, ಅದು ಕೊಳೆತ ಮೇಲೆ ನೀರಿಗೆ ಸುರಂಗವಾಗುತ್ತದೆ. ಬೇಸಿಗೆಯಲ್ಲಿ ಕಟ್ಟೆ ಒಣಗಿರುವಾಗ ತಿಳಿದವರನ್ನು ನಿಲ್ಲಿಸಿಕೊಂಡು ಬೇರು ತೆಗೆಸಿ, ಗೇಣು ಗೇಣು ಮಣ್ಣು ತುಂಬಿ, ಹದವಾಗಿ ನೀರು ಚಿಮುಕಿಸಿ ದಮ್ಮಸ್ಸು ಮಾಡಿಸು. ಏರಿಯ ಬುಡದಲ್ಲಿ ಜೆಸಿಬಿ ಇಳಿಸಲೇಬೇಡ. 2019ರ ನವೆಂಬರ್ 24ರಂದು ಬೆಂಗಳೂರಿನ ಹುಳಿಮಾವು ಕೆರೆ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿದ್ದು ನಿನಗೇ ಗೊತ್ತು. ಏರಿಯ ಬಳಿ ಅಗೆದದ್ದೇ ಕಾರಣ ಎಂಬ ಮಾತು ಆಗ ಬಂತು.

ಮಣ್ಣಿನ ಕಟ್ಟೆ ಅಲ್ಪಸ್ವಲ್ಪ ಒಸರುವುದು ಸಹಜ. ತಿಳಿನೀರು ಒಂದೇ ಸಮ ಜಿನುಗುತ್ತಿದ್ದರೆ ಗುರುತು ಹಾಕಿ ವಾರವಾರ ನೋಡು. ನೀರು ಹೆಚ್ಚಾದರೆ, ಅಥವಾ ಕೆಂಪಾಗಿ ಮಣ್ಣು ಹೊತ್ತು ಬಂದರೆ, ಒಳಗೆ ಕೊರೆತ ಶುರುವಾಗಿದೆ ಎಂದೇ ತಿಳಿ. ತೂಬಿನ ಪಕ್ಕದಲ್ಲೇ ಇದು ಹೆಚ್ಚು. ಆಗ ಹಿಂಬದಿಯ ತೂತಿಗೆ ಜೇಡಿಮಣ್ಣು ಮೆತ್ತಿ ಬಾಯಿ ಮುಚ್ಚುವ ಕೆಲಸ ಮಾಡಬೇಡ. ನೀರು ಇನ್ನೊಂದು ಕಡೆ ದಾರಿ ಹುಡುಕುತ್ತದೆ. ಮೊದಲು ಕೆಳಗಿನವರಿಗೆ ತಿಳಿಸಿ ಮೇಲಕ್ಕೆ ಕಳಿಸು, ತೂಬು ತೆಗೆದು ನೀರು ಇಳಿಸು. ಒಸರುವ ಜಾಗದ ಮೇಲೆ ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ಕಲ್ಲು ಹೇರಿಸಿದರೆ ನೀರು ಹೋಗುತ್ತದೆ, ಮಣ್ಣು ಉಳಿಯುತ್ತದೆ. ಆದರೆ ಏರಿ ಕುಸಿಯುವ ಲಕ್ಷಣ ಕಂಡರೆ ಯಾರನ್ನೂ ಅದರ ಹತ್ತಿರ ಬಿಡಬೇಡ.

ನನಗೆ ಎಲ್ಲಕ್ಕಿಂತ ಚಿಂತೆ, ನೀನಿರುವುದು ಬೆಂಗಳೂರಿನಲ್ಲಿ. ಹಿಂದೆ ಪ್ರತಿ ಕೆರೆಗೂ ಒಬ್ಬ ನೀರಗಂಟಿ ಇರುತ್ತಿದ್ದ. ಅವನಿಗೆ ಊರಿನವರು ಕಾಳುಕಡ್ಡಿ ಅಳೆಯುತ್ತಿದ್ದರು. ಮಳೆ ಹಿಡಿದ ರಾತ್ರಿ ಹಾರೆ, ಲಾಂದ್ರ ಹಿಡಿದು ಏರಿ ಮೇಲೆ ಹೋಗುತ್ತಿದ್ದವನು ಅವನೇ. ಊರಿನಲ್ಲಿ ಅಂಥವರ ಮನೆಯವರು ಯಾರಾದರೂ ಇದ್ದಾರಾ ಕೇಳು. ಇದ್ದರೆ ಮರ್ಯಾದೆಯಿಂದ ಮಾತಾಡಿ, ತಿಂಗಳಿಗೆ ಇಷ್ಟು ಅಂತ ಗೊತ್ತುಮಾಡು. ಅದರಲ್ಲಿ ಚೌಕಾಸಿ ಮಾಡಬೇಡ.

ನಮ್ಮ ಕಡೆ ಕಟ್ಟೆಗಳು ತುಂಬುವುದು ಹಿಂಗಾರಿನಲ್ಲಿ, ಅಂದರೆ ಹೆಚ್ಚುಕಡಿಮೆ ದಸರೆಯ ಹೊತ್ತಿಗೆ. ಜಂಬೂಸವಾರಿ ಇಲ್ಲಿ ಬನ್ನಿಮಂಟಪಕ್ಕೆ ಬರುವ ದಿನ ನೀನು ತಪ್ಪದೆ ಬರುತ್ತೀಯ, ಪಂಜಿನ ಕವಾಯತಿಗೆ ಪಾಸೂ ಹೊಂದಿಸಿಡುತ್ತೇನೆ. ಆದರೆ ಈ ಸಲ ಹುಣಸೂರಿಗೆ ಹೋಗಿ, ಕೋಡಿಯ ಕಾಲುವೆಯನ್ನು ಹಳ್ಳ ಸೇರುವವರೆಗೂ ನಡೆದು, ಬಿದ್ದ ಕೊಂಬೆ ತೆಗೆಸಿ, ತೂಬಿನ ತಿರುಪು ಒಮ್ಮೆ ತಿರುಗಿಸಿ ನೋಡಿ, ಆಮೇಲೆ ಬಾ. ಹಳ್ಳದ ಕೆಳಗಿನ ಮನೆಗಳವರ ಫೋನ್ ನಂಬರುಗಳನ್ನೂ ಬರೆದುಕೊಂಡು ಬಾ. ಒಂದು ಪ್ರತಿ ನನ್ನ ಹತ್ತಿರವೂ ಇರಲಿ.