ಹೊಟ್ಟೆನೋವು ಬೆನ್ನಿಗೆ ಹೊಡೆದರೆ ಗ್ಯಾಸ್ ಅಂತ ಕೂರಬೇಡಿ

ಬೇಳೆ, ಮೊಟ್ಟೆ, ಮಾಂಸದ ಪ್ರೋಟೀನನ್ನು ಒಡೆಯುವ ಟ್ರಿಪ್ಸಿನ್ ಎಂಬ ಕಿಣ್ವ ಮೇದೋಜೀರಕ ಗ್ರಂಥಿಯಲ್ಲಿ ನಿಷ್ಕ್ರಿಯ ರೂಪದಲ್ಲಿ ತಯಾರಾಗುತ್ತದೆ. ಸಣ್ಣ ಕರುಳಿಗೆ ಬಂದ ಮೇಲಷ್ಟೇ ಅದರ ಕೆಲಸ ಶುರು. ಒರೆಯಲ್ಲಿಟ್ಟ ಕತ್ತಿಯ ಹಾಗೆ. ಪಿತ್ತಕೋಶದ ಕಲ್ಲು ನಾಳಕ್ಕೆ ಅಡ್ಡ ಸಿಕ್ಕಿಕೊಂಡಾಗ, ಕುಡಿತ ಹೆಚ್ಚಾದಾಗ, ರಕ್ತದಲ್ಲಿ ಟ್ರೈಗ್ಲಿಸರೈಡ್ ವಿಪರೀತ ಏರಿದಾಗ ಅದು ಗ್ರಂಥಿಯೊಳಗೇ ಚುರುಕಾಗಿ, ಗ್ರಂಥಿಯನ್ನೇ ಜೀರ್ಣಿಸತೊಡಗಬಹುದು. ಇದೇ ಪ್ಯಾಂಕ್ರಿಯಾಟೈಟಿಸ್.

ಮೇಲ್ಹೊಟ್ಟೆಯಲ್ಲಿ ಶುರುವಾಗಿ ಬೆನ್ನಿಗೆ ಇರಿಯುವ, ಬಿಡದ ನೋವು, ಜೊತೆಗೆ ವಾಂತಿ ಬಂದರೆ ಊರಿಂದ ತಂದ ಪೆಪ್ಸಿನ್ ಸಿರಪ್ ಕುಡಿದು ಬೆಳಗಿನ ತನಕ ಕಾಯಬೇಡಿ. ಆ ಸಿರಪ್ ಇದಕ್ಕೆ ಮದ್ದಲ್ಲ. 911ಕ್ಕೆ ಕರೆ ಮಾಡಿ, ಇಲ್ಲವೇ ಎಮರ್ಜೆನ್ಸಿಗೆ ಹೋಗಿ. ಲೈಪೇಸ್ ರಕ್ತಪರೀಕ್ಷೆ ಮಾಡಿ ನೋಡುತ್ತಾರೆ.

"ಇನ್ಶೂರೆನ್ಸ್ ಇಲ್ಲ, ಬಿಲ್ ಎಷ್ಟು ಬರುತ್ತೋ" ಎಂಬ ಭಯ ಬೇ ಏರಿಯಾದಲ್ಲಿ ಯಾರಿಗೂ ಸಹಜವೇ. ಆದರೆ 1986ರ ಫೆಡರಲ್ ಕಾನೂನಿನಂತೆ, ಮೆಡಿಕೇರ್‌ಗೆ ಸೇರಿದ ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗ ನಿಮ್ಮ ಹಣ, ವೀಸಾ ಏನೇ ಇರಲಿ, ಮೊದಲು ಪರೀಕ್ಷಿಸಲೇಬೇಕು. ಜೀವಕ್ಕೆ ಅಪಾಯವಿದ್ದರೆ ಸ್ಥಿತಿ ಹತೋಟಿಗೆ ತರಬೇಕು. ಬಿಲ್ ಬರುತ್ತೆ, ನಿಜ. ಆಗ ಫೈನಾನ್ಶಿಯಲ್ ಅಸಿಸ್ಟೆನ್ಸ್ ಅರ್ಜಿ ಕೇಳಿ. "ಕನ್ನಡ ಇಂಟರ್‌ಪ್ರಿಟರ್ ಬೇಕು" ಅಂತಲೂ ಹೇಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ನೋವು ಊರಿಂದ ಬಂದಿರುವ ಅಪ್ಪ-ಅಮ್ಮನಿಗಾದರೆ ಅವರ ಮಾತ್ರೆಗಳನ್ನೂ ಜೊತೆಗೆ ಒಯ್ಯಿರಿ.